‘ಡಿಡ್ ನಾಟ್’ ಆದ ಮೇಲೆ ಯಾವ ಪದ? ಬಂದರಿನ ಕಾಗದಪತ್ರಗಳಿಂದ ಕಲಿತದ್ದು

ಕಾರವಾರದ ಬೈತಖೋಲ ಬಂದರಿಗೆ ಬರುವ ಹಡಗುಗಳ ಏಜೆಂಟರ ಕಚೇರಿಯೊಂದರಲ್ಲಿ ಇಂಗ್ಲಿಷ್ ಕಾಗದಪತ್ರಗಳನ್ನು ತಿದ್ದಿ ಕಳುಹಿಸುವುದು ನನ್ನ ಕೆಲಸ. ಹಡಗು ಬಂದಾಗಿನಿಂದ ಹೊರಡುವವರೆಗಿನ ಪ್ರತಿಯೊಂದು ಘಟನೆಯನ್ನೂ ಗಂಟೆ ನಿಮಿಷ ಸಹಿತ ದಾಖಲಿಸುವ ‘ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್’, ಸರಕಿನಲ್ಲಿ ವ್ಯತ್ಯಾಸ ಕಂಡಾಗ ಬರೆಯುವ ‘ಲೆಟರ್ ಆಫ್ ಪ್ರೊಟೆಸ್ಟ್’, ಹಡಗಿನ ಮಾಲೀಕರಿಗೆ ದಿನವೂ ಹೋಗುವ ಮೇಲ್ ಇವೆಲ್ಲವೂ ಕಿರಿಯ ಸಹೋದ್ಯೋಗಿಗಳ ಕೈಯಲ್ಲಿ ಕರಡಾಗಿ ನನ್ನ ಮೇಜಿಗೆ ಬರುತ್ತವೆ. ಕಾಗುಣಿತವನ್ನೂ ಕಾಲ, ವಚನಗಳ ತಪ್ಪನ್ನೂ ಕಂಪ್ಯೂಟರೇ ಹಿಡಿದುಕೊಡುತ್ತದೆ. ಅದರ ಕಣ್ಣು ತಪ್ಪಿಸಿ ಉಳಿಯುವುದು ‘ಸಂಥಿಂಗ್’, ‘ಎನಿಥಿಂಗ್’, ‘ನಥಿಂಗ್’, ‘ಸಂವನ್’, ‘ಎನಿವನ್’, ‘ನೋ ವನ್’ ಮುಂತಾದ ಅನಿರ್ದಿಷ್ಟ ಸರ್ವನಾಮಗಳು. ಕ್ರಿಯಾಪದದ ನಂತರ ಇವುಗಳಲ್ಲಿ ಒಂದರ ಬದಲು ಇನ್ನೊಂದು ಬಂದರೂ ವಾಕ್ಯ ಹೆಚ್ಚಿನ ಸಲ ಸರಿಯಾಗಿಯೇ ಕಾಣುತ್ತದೆ. ಆದರೆ ಅದು ಹೇಳುವ ಸಂಗತಿಯೇ ಬೇರೆಯಾಗಿರುತ್ತದೆ.

ಹೊಸದಾಗಿ ಸೇರಿದವರಿಗೆ ನಾನು ‘ವಿ ಡಿಡ್ ನಾಟ್ ಚೆಕ್’ ಎಂಬಷ್ಟನ್ನು ಬರೆದುಕೊಟ್ಟು, ಮುಂದಿನ ಪದವನ್ನು ಬದಲಿಸುತ್ತ ಹೋಗಿ ಎನ್ನುತ್ತೇನೆ. ‘ಎನಿಥಿಂಗ್’ ಸೇರಿದರೆ ಏನನ್ನೂ ಪರೀಕ್ಷಿಸಲಿಲ್ಲ ಎಂದಾಗುತ್ತದೆ. ‘ಎವ್ರಿಥಿಂಗ್’ ಸೇರಿದರೆ ಕೆಲವನ್ನು ಪರೀಕ್ಷಿಸಿದೆವು, ಕೆಲವು ಉಳಿದವು ಎಂದಾಗುತ್ತದೆ. ‘ಸಂಥಿಂಗ್’ ಸೇರಿದರೆ ಪರೀಕ್ಷೆ ನಡೆಯಿತು, ಯಾವುದೋ ಒಂದು ಮಾತ್ರ ಬಿಟ್ಟುಹೋಯಿತು ಎಂಬ ಅರ್ಥ ಬರುತ್ತದೆ. ‘ನಥಿಂಗ್’ ಸೇರಿಸಿದರೆ ಎರಡು ನಿಷೇಧಗಳು ಒಂದನ್ನೊಂದು ಹೊಡೆದುಹಾಕಿ, ಏನನ್ನೂ ಪರೀಕ್ಷಿಸದೆ ಇರಲಿಲ್ಲ ಎಂಬ ವಿಚಿತ್ರ ಹೇಳಿಕೆಯಾಗುತ್ತದೆ. ಸರಕು ಇಳಿಸಲು ಒಪ್ಪಂದದಲ್ಲಿ ಕೊಟ್ಟ ಅವಧಿ ಮೀರಿತೇ, ಮೀರಿದ್ದರೆ ಡೆಮರೇಜ್, ಅಂದರೆ ತಡವಾದುದಕ್ಕೆ ತೆರಬೇಕಾದ ಹಣ, ಎಷ್ಟು ಎಂಬ ಲೆಕ್ಕವನ್ನು ‘ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್’ ನೋಡಿಯೇ ಹಾಕುವುದರಿಂದ, ಈ ನಾಲ್ಕು ವಾಕ್ಯಗಳಲ್ಲಿ ಯಾವುದಕ್ಕೆ ಸಹಿ ಬಿತ್ತು ಎಂಬುದು ಹಣದ ಪ್ರಶ್ನೆಯೂ ಹೌದು.

ನಮ್ಮವರಿಗೆ ಇದು ಕಷ್ಟವಾಗಲು ನಮ್ಮ ಭಾಷೆಯ ವಾಕ್ಯಕ್ರಮವೇ ಕಾರಣ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ‘ಯಾರೂ’ ಮೊದಲು ಬರುತ್ತದೆ, ‘ಇಲ್ಲ’ ಕೊನೆಗೆ ಬರುತ್ತದೆ. ‘ಯಾರೂ ಹಡಗು ಹತ್ತಲಿಲ್ಲ’ ಎಂಬಲ್ಲಿ ಹತ್ತಿದರೋ ಇಲ್ಲವೋ ಎಂಬುದು ಕೊನೆಯ ಅಕ್ಷರದವರೆಗೂ ಇತ್ಯರ್ಥವಾಗುವುದಿಲ್ಲ. ಮನೆಯಲ್ಲಿ ಕೊಂಕಣಿ ಆಡುವ ಸಹೋದ್ಯೋಗಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರ ಮಾತಿನಲ್ಲಿಯೂ ‘ನಾ’ ಎಂಬುದು ಕೊನೆಗೇ ಬರುವುದರಿಂದ ಅವರ ಕಷ್ಟವೂ ಇದೇ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಎನಿ’ ಇರುವ ಪದ ನಿಷೇಧಾರ್ಥದಲ್ಲಿ ನಿಲ್ಲಬೇಕಾದರೆ ಅದಕ್ಕಿಂತ ಮೊದಲೇ ‘ನಾಟ್’ ಬಂದಿರಬೇಕು. ‘ವಿ ಡಿಡ್ ನಾಟ್ ಸೀ ಎನಿವನ್’ ಸರಿ, ಏಕೆಂದರೆ ‘ನಾಟ್’ ಮೊದಲೇ ಬಂದಿದೆ. ‘ಎನಿವನ್ ಡಿಡ್ ನಾಟ್ ಬೋರ್ಡ್ ದಿ ವೆಸಲ್’ ಎಂಬುದು ಕನ್ನಡದ ಕ್ರಮವನ್ನು ಹಾಗೆಯೇ ಎತ್ತಿಟ್ಟ ವಾಕ್ಯ, ಅದು ಇಂಗ್ಲಿಷ್ ಅಲ್ಲ. ಅಲ್ಲಿ ನಿಷೇಧವನ್ನು ಸರ್ವನಾಮಕ್ಕೇ ಕೊಟ್ಟು ‘ನೋ ವನ್ ಬೋರ್ಡೆಡ್ ದಿ ವೆಸಲ್’ ಎಂದು ಕ್ರಿಯಾಪದವನ್ನು ‘ನಾಟ್’ ಇಲ್ಲದ ರೂಪದಲ್ಲಿ ಇಡಬೇಕು.

“ಅಣ್ಣ, ಹಾಗಾದರೆ ಸಿನಿಮಾದಲ್ಲಿ ‘ಐ ಡೋಂಟ್ ನೋ ನಥಿಂಗ್’ ಅಂತಾರಲ್ಲ, ಅದೂ ತಪ್ಪೇ?” ಎಂದು ಒಬ್ಬ ಹುಡುಗ ಕೇಳಿದ್ದ. ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಇಂಗ್ಲಿಷಿನಲ್ಲಿ, 14ನೇ ಶತಮಾನದ ಕವಿ ಚಾಸರನ ಕಾಲದಲ್ಲಿಯೂ, ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಗಳು ಬಂದು ಒಂದಕ್ಕೊಂದು ಒತ್ತು ಕೊಡುವುದು ಸಾಮಾನ್ಯವಾಗಿತ್ತು. 18ನೇ ಶತಮಾನದಲ್ಲಿ ರಾಬರ್ಟ್ ಲೌತ್ ಅವರಂಥ ವ್ಯಾಕರಣಕಾರರು ಎರಡು ನಿಷೇಧ ಸೇರಿದರೆ ಹೌದು ಎಂದಾಗುತ್ತದೆ ಎಂಬ ನಿಯಮವನ್ನು ಗಟ್ಟಿಗೊಳಿಸಿದರು. ಆಡುಮಾತು ಮಾತ್ರ ಅನೇಕ ಕಡೆ ಹಳೆಯ ದಾರಿಯಲ್ಲಿಯೇ ಮುಂದುವರಿದಿದೆ. ಅದನ್ನು ಅಜ್ಞಾನವೆನ್ನಲು ನಾನು ಒಪ್ಪುವುದಿಲ್ಲವಾದರೂ, ಸಹಿ ಬೀಳುವ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

‘ನಾಟ್’ ಎಂಬ ಪದವೇ ಇಲ್ಲದೆ ನಿಷೇಧವನ್ನು ಹೊಟ್ಟೆಯಲ್ಲಿಟ್ಟುಕೊಂಡ ಕ್ರಿಯಾಪದಗಳಿವೆ. ಹೆಚ್ಚು ಎಡವುವುದು ಅವುಗಳ ಬಳಿಯಲ್ಲಿಯೇ. ‘ರಿಫ್ಯೂಸ್’, ‘ಡಿನೈ’, ‘ಅವಾಯ್ಡ್’, ‘ಡೌಟ್’ ಇವುಗಳ ನಂತರ ಸಾಮಾನ್ಯವಾಗಿ ‘ಎನಿ’ ಇರುವ ಪದಗಳೇ ಬರುತ್ತವೆ. ಸರಕಿನ ಅಳತೆಯಲ್ಲಿ ವ್ಯತ್ಯಾಸ ಬಂದು ಹಡಗಿನ ಚೀಫ್ ಆಫೀಸರ್ ಯಾವ ಕಾಗದಕ್ಕೂ ಸಹಿ ಹಾಕಲು ಒಪ್ಪದಿದ್ದಾಗ ‘ಹಿ ರಿಫ್ಯೂಸ್ಡ್ ಟು ಸೈನ್ ಎನಿಥಿಂಗ್’ ಎಂದು ಬರೆಯಬೇಕು. ನಮ್ಮ ಕರಡುಗಳಲ್ಲಿ ಅದು ‘ರಿಫ್ಯೂಸ್ಡ್ ಟು ಸೈನ್ ನಥಿಂಗ್’ ಎಂದು ಬಂದದ್ದುಂಟು. ಅಕ್ಷರಶಃ ಓದಿದರೆ, ಸಹಿ ಹಾಕಲು ನಿರಾಕರಿಸಿದ ಕಾಗದವೇ ಇಲ್ಲ, ಅಂದರೆ ಎಲ್ಲಕ್ಕೂ ಸಹಿ ಹಾಕಿದರು ಎಂದಾಗುತ್ತದೆ. ಅದನ್ನೇ ‘ರಿಫ್ಯೂಸ್ಡ್ ಟು ಸೈನ್ ಸಂಥಿಂಗ್’ ಎಂದರೆ ಯಾವುದೋ ಒಂದು ಕಾಗದದ ಬಗ್ಗೆ ಮಾತ್ರ ತಕರಾರಿತ್ತು ಎಂದು ಓದುಗ ತಿಳಿಯುತ್ತಾನೆ, ಆ ಒಂದು ಯಾವುದು ಎಂಬ ಮರುಪ್ರಶ್ನೆಯೂ ಬರುತ್ತದೆ. ‘ವಿಥೌಟ್’, ‘ಹಾರ್ಡ್ಲಿ’ ಎಂಬ ಪದಗಳೂ ಇದೇ ಜಾತಿಯವು: ಏನೂ ಹೇಳದೆ ಇಳಿದುಹೋದರು ಎನ್ನಲು ‘ಲೆಫ್ಟ್ ವಿಥೌಟ್ ಸೇಯಿಂಗ್ ಎನಿಥಿಂಗ್’ ಎನ್ನಬೇಕು.

ನಿಷೇಧವಿಲ್ಲದ ವಾಕ್ಯಗಳಲ್ಲಿ ತೊಡಕು ಇನ್ನೊಂದು ಬಗೆಯದು. ಕನ್ನಡದಲ್ಲಿ ‘ಯಾರೋ’, ‘ಯಾರಾದರೂ’, ‘ಯಾರು ಬೇಕಾದರೂ’ ಎಂಬ ಮೂರು ಬೇರೆ ಬೇರೆ ರೂಪಗಳಿವೆ. ಯಾರೋ ಬಂದಿದ್ದರು ಎಂದರೆ ಬಂದದ್ದು ನಿಜ, ಗುರುತು ಮಾತ್ರ ತಿಳಿಯದು. ಯಾರಾದರೂ ಬರಲಿ ಎಂದರೆ ಬರುವವರು ಇನ್ನೂ ನಿರ್ಧಾರವಾಗಿಲ್ಲ. ಇಂಗ್ಲಿಷ್ ಈ ಎರಡನ್ನೂ ‘ಸಂವನ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ. ಈ ವಿಷಯದಲ್ಲಿ ನಮ್ಮ ಭಾಷೆಯೇ ಹೆಚ್ಚು ನಿಖರ ಎನ್ನಲು ನನಗೆ ಸಂಕೋಚವಿಲ್ಲ. ‘ಎನಿವನ್’ ಎಂಬುದು ಇಂಥ ವಾಕ್ಯಗಳಲ್ಲಿ ‘ಯಾರು ಬೇಕಾದರೂ’ ಎಂಬ ಅರ್ಥವನ್ನು ಕೊಡುತ್ತದೆ. ‘ನಾಳೆ ಬೆಳಿಗ್ಗೆ ಯಾರನ್ನಾದರೂ ಕಳುಹಿಸಿ’ ಎನ್ನುವುದನ್ನು ‘ಪ್ಲೀಸ್ ಸೆಂಡ್ ಎನಿವನ್’ ಎಂದು ಬರೆದರೆ, ಯಾರನ್ನು ಕಳುಹಿಸಿದರೂ ಆದೀತು ಎಂದಾಗುತ್ತದೆ. ಬಂದರಿನ ಗೇಟಿನಲ್ಲಿ ಪಾಸ್ ಇಲ್ಲದವರನ್ನು ಒಳಗೆ ಬಿಡದಿರುವಾಗ ಅಂಥ ಮೇಲ್ ಹೋಗುವುದು ಒಳ್ಳೆಯದಲ್ಲ. ‘ಪ್ಲೀಸ್ ಸೆಂಡ್ ಸಂವನ್’ ಎಂದರೆ ಸಾಕು, ತಕ್ಕ ಒಬ್ಬರು ಬರಲಿ ಎಂಬುದು ಅದರಲ್ಲಿಯೇ ಇದೆ.

ಸಣ್ಣ ಸಂಗತಿಗಳು ಒಂದೆರಡು. ಗುಣವಾಚಕ ಈ ಸರ್ವನಾಮಗಳ ನಂತರ ಬರುತ್ತದೆ: ‘ವಿ ಫೌಂಡ್ ಸಂಥಿಂಗ್ ಅನ್‌ಯೂಶುವಲ್’, ‘ಆಸ್ಕ್ ಸಂವನ್ ಎಲ್ಸ್’. ‘ಟೆಲ್ ಸಂವನ್’ ಎನ್ನಬಹುದು, ಆದರೆ ‘ಎಕ್ಸ್‌ಪ್ಲೇನ್ ಸಂವನ್’ ಎನ್ನಲಾಗದು. ‘ಎಕ್ಸ್‌ಪ್ಲೇನ್ ಸಂಥಿಂಗ್ ಟು ಸಂವನ್’ ಎಂದು ನಡುವೆ ‘ಟು’ ಇರಬೇಕು. ‘ರಿಪೋರ್ಟ್’ ಕ್ರಿಯಾಪದಕ್ಕೂ ಇದೇ ಕ್ರಮ: ‘ರಿಪೋರ್ಟ್ ಸಂಥಿಂಗ್ ಟು ಸಂವನ್’.

ಪ್ರಶ್ನೆಗಳಲ್ಲಿ ‘ಎನಿ’ ಬರಬೇಕೆಂದು ಶಾಲೆಯಲ್ಲಿ ಕಲಿಸಿದ ನಿಯಮ ಅರ್ಧ ಮಾತ್ರ ನಿಜ. ‘ಡಿಡ್ ಯು ಮೀಟ್ ಎನಿವನ್?’ ಎಂಬುದು ಉತ್ತರ ಗೊತ್ತಿಲ್ಲದೆ ಕೇಳುವ ಪ್ರಶ್ನೆ. ‘ಡಿಡ್ ಯು ಮೀಟ್ ಸಂವನ್?’ ಎಂದರೆ ಭೇಟಿಯಾಗಿರಬೇಕು ಎಂಬ ಅನುಮಾನ ಕೇಳುವವನಲ್ಲಿ ಆಗಲೇ ಇದೆ, ವಿಚಾರಣೆಯ ಪತ್ರದಲ್ಲಿ ಅದು ಆರೋಪದಂತೆ ಕೇಳಿಸಬಹುದು. ಕಚೇರಿಗೆ ಬಂದ ಕ್ಯಾಪ್ಟನ್‌ಗೆ ಚಹವನ್ನೋ ಎಳನೀರನ್ನೋ ಕೊಡುವ ಮನಸ್ಸಿದ್ದರೆ ‘ವುಡ್ ಯು ಲೈಕ್ ಸಂಥಿಂಗ್ ಟು ಡ್ರಿಂಕ್?’ ಎನ್ನುವುದು ಸೌಜನ್ಯ, ಏಕೆಂದರೆ ಅಲ್ಲಿ ಹೌದು ಎಂಬ ಉತ್ತರವನ್ನು ನಾವೇ ನಿರೀಕ್ಷಿಸುತ್ತಿದ್ದೇವೆ. ‘ಇಫ್’ ನಂತರ ಎರಡೂ ಸಲ್ಲುತ್ತವೆ. ನಮ್ಮ ಮೇಲ್‌ಗಳ ಕೊನೆಗೆ ಬರುವ ‘ಪ್ಲೀಸ್ ಲೆಟ್ ಅಸ್ ನೋ ಇಫ್ ಯು ನೀಡ್ ಎನಿಥಿಂಗ್’ ಎಂಬ ಸಾಲಿನಲ್ಲಿ ಬೇಕಾದದ್ದು ಇರಲೂಬಹುದು, ಇಲ್ಲದಿರಲೂಬಹುದು ಎಂಬ ಸಡಿಲಿಕೆಯೇ ಸರಿ ಹೊಂದುವುದರಿಂದ ಅದನ್ನು ನಾನು ತಿದ್ದಲು ಹೋಗುವುದಿಲ್ಲ.