ಯುಗಾದಿಯವರೆಗೆ

ಶಿರಸಿ ಜಾತ್ರೆ ಅಂದರೆ ಎಲ್ಲರ ಬಾಯಲ್ಲೂ ರಥದ ಮಾತು, ಬಿಡಕಿಬೈಲಿನ ಗದ್ದುಗೆಯ ಮಾತು. ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ಅಲ್ಲಿರುತ್ತದೆ. ನನಗೆ ಈಗೀಗ ಜಾತ್ರೆ ಮುಗಿದ ಮೇಲಿನ ದಿನಗಳೇ ಜಾಸ್ತಿ ಹತ್ತಿರ.

ಮೊದಲ ರಾತ್ರಿ ಮಾರಿಕಾಂಬೆಗೆ ಕಲ್ಯಾಣ. ಮರುದಿನ ರಥವೇರಿ ಗದ್ದುಗೆಗೆ. ವಾರ ಕಳೆದು ದೇವಿ ಅಲ್ಲಿಂದ ಎದ್ದಳೆಂದರೆ ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಮತ್ತೆ ಗುಡಿಯಲ್ಲಿ ಅಮ್ಮನ ದರ್ಶನ ಯುಗಾದಿಗೇ.

ತಂಗಿ 2022ರ ಜಾತ್ರೆಯಲ್ಲಿ ನಮ್ಮ ಜೊತೆಗಿದ್ದಳು. ತೊಟ್ಟಿಲು ಹತ್ತಿ ಕಿರುಚಾಡಿ, ಇಳಿದ ಮೇಲೆ ಏನೂ ಆಗದವಳಂತೆ ಮಿರ್ಚಿ ಭಜಿ ತಿಂದಳು. ಅದೇ ಮಳೆಗಾಲ, ದೇವಿಮನೆ ಘಟ್ಟದಲ್ಲಿ ಬೈಕು ಜಾರಿತು. ಇಪ್ಪತ್ತಾರು ವರ್ಷ, ಅಷ್ಟೇ.

2024ರಲ್ಲಿ ಜಾತ್ರೆ ಬಂತು. ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಹೆತ್ತ ಆಯಿ ಮಾತ್ರ ದೇವಿಗೆ ಉಡಿ ತುಂಬಲೇಬೇಕು ಅಂದಳು. ಸೀರೆ, ಕಣ, ಅಕ್ಕಿ, ಕಾಯಿ, ಅರಿಶಿನ-ಕುಂಕುಮ ಎಲ್ಲ ಮನೆಯಿಂದಲೇ ಕಟ್ಟಿಕೊಂಡಳು. ಬಳೆ ಮಾತ್ರ ಜಾತ್ರೆಪೇಟೆಯಲ್ಲಿ. ಬಳೆಗಾರ "ಯಾವ ಅಳತೆ ಅಮ್ಮಾ?" ಅಂದ. ಉಡಿಯ ಬಳೆಗೆ ಅಳತೆ ಯಾರು ನೋಡುತ್ತಾರೆ? ಆಯಿ ತಡವರಿಸದೆ "ಎರಡೂ ನಾಲ್ಕು" ಅಂದಳು. ಅದು ತಂಗಿಯ ಕೈ. ಹಸಿರು ಗಾಜಿನ ಡಜನ್ ಬಳೆ. ಒಂದರಲ್ಲಿ ಸಣ್ಣ ಸೀಳು ಕಂಡು, ಜಗಳ ಮಾಡಿ ಬದಲಾಯಿಸಿಕೊಂಡಳು.

ಗದ್ದುಗೆಯ ಮುಂದೆ ಅಳುತ್ತಾಳೇನೋ ಅಂತ ನಾನು ಬೆನ್ನಿಗೇ ನಿಂತಿದ್ದೆ. ಅವಳು ಉಡಿ ಕೊಟ್ಟು, ಏಳು ಅಡಿಯ ಆ ಮರದ ಮೂರ್ತಿಯ ಮುಖ ಕತ್ತೆತ್ತಿ ನೋಡಿ, ಹಿಂದಿನವರಿಗೆ ಜಾಗ ಬಿಟ್ಟಳು.

ಆ ಸಲ ಮಾರ್ಚ್ 27ಕ್ಕೆ ಜಾತ್ರೆ ಮುಗಿಯಿತು, ಏಪ್ರಿಲ್ 9ಕ್ಕೆ ಯುಗಾದಿ. ನಡುವಿನ ದಿನಗಳಲ್ಲಿ ಯಾರೂ "ಅಮ್ಮಾ, ಬೇಗ ಬಾ" ಅನ್ನುವುದಿಲ್ಲ. ಸುಮ್ನೆ ಕಾಯುತ್ತಾರೆ. ತಂಗಿ ಹೋದಾಗ ನಮ್ಮ ಮನೆಗೆ ಬಂದವರೋ, ಹದಿಮೂರನೇ ದಿನ ಕಳೆಯುವುದರೊಳಗೇ "ಇನ್ನಾದರೂ ಮರೆಯಬೇಕು" ಅಂತ ಶುರು ಮಾಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಇಲ್ಲ ಅನ್ನುವುದಿಲ್ಲ. ಆದರೆ ಮತ್ತೆ ಗುಡಿಗೆ ಬರಲು ದೇವಿಗೇ ಇಷ್ಟು ದಿನ ಬೇಕು ಅಂತ ಊರು ಒಪ್ಪಿಕೊಂಡಿದೆ, ಅಲ್ವಾ? ಆಯಿಗೆ ಇನ್ನೊಂದಿಷ್ಟು ಜಾಸ್ತಿ ಬೇಕಾದರೆ ತಪ್ಪೇನು?

ಯುಗಾದಿಯ ದಿನ ಬೇವು-ಬೆಲ್ಲ ತಿಂದು ಗುಡಿಗೆ ಹೋದೆವು. ಕೈಮುಗಿದು ಹೊರಗೆ ಬಂದ ಮೇಲೆ ಆಯಿ ಚಪ್ಪಲಿ ಹುಡುಕುತ್ತಾ ಹೇಳಿದಳು: "ಮುಂದಿನ ಜಾತ್ರೆಗೆ ಸೀರೆ ನೀನೇ ಆರಿಸು. ನನ್ನ ಆಯ್ಕೆ ಅವಳಿಗೆ ಯಾವತ್ತೂ ಹಿಡಿಸಿದ್ದಿಲ್ಲ."