ಬಾಟ್ಲಿ ಆಮೇಲೆ, ಮೊದಲು ರೇಟ್ ಚೀಟಿ ಓದಿ

ಊರಿಂದ ಬರೋ ನೆಂಟರು ನಮ್ಮನೇಲಿ ವೈನ್ ಬಾಟ್ಲಿ ರೇಟ್ ಕೇಳಿದ ಮೇಲೆ ಅನ್ನೋದು ಒಂದೇ ಮಾತು, "ಇಷ್ಟು ಕಮ್ಮಿಗೆ ಹೆಂಗೆ ಕೊಡ್ತಾರೆ, ಏನಾದ್ರೂ ಕಲಬೆರಕೆನಾ?" ಕಲಬೆರಕೆ ಏನೂ ಇಲ್ಲ ಕಣ್ರೀ. ನಾವಿರೋದು ಅಮೆರಿಕದ ಸಿಯಾಟಲ್ ಪಕ್ಕ, ವೈನ್ ತಗೊಳ್ಳೋದು ಕಾಸ್ಟ್‌ಕೋ ಅನ್ನೋ ಮೆಂಬರ್‌ಗಳ ದೊಡ್ಡ ಅಂಗಡೀಲಿ. ಅದರ ಹೆಡ್ ಆಫೀಸು ಇಲ್ಲೇ ಇಸಕ್ವಾದಲ್ಲಿ, ಅದಕ್ಕೂ ಮುಂಚೆ ಕರ್ಕ್‌ಲ್ಯಾಂಡ್ ಅನ್ನೋ ಊರಲ್ಲಿತ್ತು, ಅವರ ಸ್ವಂತ ಬ್ರ್ಯಾಂಡು ಕರ್ಕ್‌ಲ್ಯಾಂಡ್ ಸಿಗ್ನೇಚರ್‌ಗೆ ಹೆಸರು ಬಂದಿದ್ದೂ ಆ ಊರಿಂದಾನೇ. ಈಗ ಆ ಊರಲ್ಲಿ ಕೆರೆ ದಂಡೇಲಿ ಸಂಜೆ ವಾಕ್ ಹೋದ್ರೆ ಕನ್ನಡ ಕಿವಿಗೆ ಬೀಳುತ್ತೆ, ಅದು ಬೇರೆ ಕತೆ.

ಯಶವಂತಪುರದ ಮೆಟ್ರೋ ಹೋಲ್‌ಸೇಲ್ ನೋಡಿದವರಿಗೆ ಈ ಅಂಗಡಿ ಹೆಂಗಿರುತ್ತೆ ಅಂತ ಹೇಳೋದು ಸುಲಭ, ಹಂಗೇ ದೊಡ್ಡ ಗೋಡೌನು, ಸರಕೆಲ್ಲ ಪ್ಯಾಲೆಟ್ ಮೇಲೆ, ಬಾಗಿಲಲ್ಲಿ ಕಾರ್ಡ್ ತೋರಿಸಬೇಕು. ಆದ್ರೆ ಇಲ್ಲಿ ಕಾರ್ಡಿಗೆ ಬಿಸಿನೆಸ್ ಬೇಕಿಲ್ಲ, ದುಡ್ಡು ಕಟ್ಟಿದ್ರೆ ಸಾಕು, ವರ್ಷಕ್ಕೆ 60 ಡಾಲರ್ ಇದ್ದಿದ್ದು 2024ರ ಸೆಪ್ಟೆಂಬರಿಂದ 65 ಆಗಿದೆ. ಕಂಪನಿಗೆ ಲಾಭದಲ್ಲಿ ದೊಡ್ಡ ಪಾಲು ಬರೋದು ಈ ಫೀಸಿಂದ, ಹಾಗಾಗಿ ಸಾಮಾನಿನ ಮೇಲೆ ಜಾಸ್ತಿ ಹಾಕಲ್ಲ. ಬೇರೆಯವರ ಬ್ರ್ಯಾಂಡ್ ಆದ್ರೆ ಹೆಚ್ಚಂದ್ರೆ 14 ಪರ್ಸೆಂಟು, ತಮ್ಮದೇ ಕರ್ಕ್‌ಲ್ಯಾಂಡ್ ಆದ್ರೆ 15, ಅದರ ಮೇಲೆ ಹಾಕಬಾರದು ಅಂತ ಅವರೇ ಮಾಡ್ಕೊಂಡಿರೋ ಲೆಕ್ಕ. ಅದೇ ಬಾಟ್ಲಿನ ರೆಸ್ಟೋರೆಂಟಲ್ಲಿ ಆರ್ಡರ್ ಮಾಡಿದ್ರೆ ಎರಡು ಮೂರು ಪಟ್ಟು ಕೊಡ್ತೀರ.

ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೊಂದು ಹಿನ್ನೆಲೆ ಇದೆ. ಇಲ್ಲಿ ಮುಂಚೆ ವಿಸ್ಕಿ ಬ್ರಾಂದಿ ಎಲ್ಲ ಸರ್ಕಾರದ ಅಂಗಡೀಲೇ ತಗೋಬೇಕಿತ್ತು, ವೈನ್ ಸೂಪರ್‌ಮಾರ್ಕೆಟಲ್ಲಿ ಸಿಗ್ತಿತ್ತು ಆದ್ರೆ ಅಂಗಡಿಯವರು ಸಗಟಲ್ಲಿ ಜಾಸ್ತಿ ತಗೊಂಡ್ರೂ ಅವರಿಗೆ ಮಾರೋರು ಡಿಸ್ಕೌಂಟ್ ಕೊಡಂಗಿರ್ಲಿಲ್ಲ. 2011ರ ನವೆಂಬರಲ್ಲಿ ಜನರೇ ವೋಟ್ ಹಾಕಿ ಅದನ್ನ ಬದಲಾಯಿಸಿದ್ರು, ಆ ಪ್ರಚಾರಕ್ಕೆ ಕಾಸ್ಟ್‌ಕೋ 2 ಕೋಟಿ ಡಾಲರಿಗಿಂತ ಹೆಚ್ಚು ಸುರಿದಿತ್ತು, ಸುಮ್ಮನೆ ಸುರೀತಾರಾ. 2012ರ ಜೂನಿಂದ ವಿಸ್ಕಿನೂ ಕಾಸ್ಟ್‌ಕೋದಲ್ಲೇ, ವೈನಿಗೆ ಸಗಟು ಡಿಸ್ಕೌಂಟೂ ಶುರು. ತಮಾಷೆ ಏನಂದ್ರೆ ವಿಸ್ಕಿ ಅಗ್ಗ ಆಗ್ಲೇ ಇಲ್ಲ, 20.5 ಪರ್ಸೆಂಟ್ ಟ್ಯಾಕ್ಸು, ಅದರ ಮೇಲೆ ಲೀಟರಿಗೆ ಇಷ್ಟು ಅಂತ ಇನ್ನೊಂದು ಟ್ಯಾಕ್ಸು, ಬಿಲ್ ನೋಡಿದ್ರೆ ತಲೆ ತಿರುಗುತ್ತೆ. ವೈನಿಗೆ ಆ ಕಾಟ ಇಲ್ಲ, ಮಾಮೂಲಿ ಸೇಲ್ಸ್ ಟ್ಯಾಕ್ಸ್ ಅಷ್ಟೆ. ಅದಕ್ಕೇ ಇಲ್ಲಿಯ ನಮ್ಮವರಲ್ಲಿ ವಿಸ್ಕಿ ಗುಂಪಿನಿಂದ ವೈನ್ ಗುಂಪಿಗೆ ಪಕ್ಷಾಂತರ ಮಾಡಿದವರು ಸುಮಾರು ಜನ ಇದಾರೆ, ಆರೋಗ್ಯಕ್ಕೆ ಅಂತ ಹೇಳ್ಕೋತಾರೆ.

ಈಗ ಅಸಲು ವಿಷಯ, ಬಾರ್ಗೇನ್ ಹುಡುಕೋದು. ವೈನ್ ಜೋಡಿಸಿರೋ ಸಾಲಲ್ಲಿ ನಿಂತು ಬಾಟ್ಲಿ ಲೇಬಲ್ ನೋಡ್ತಾ ಕೂತ್ರೆ ಏನೂ ಗೊತ್ತಾಗಲ್ಲ, ಕುದುರೆ, ಕೋಟೆ, ಚಿನ್ನದ ಅಕ್ಷರ ಎಲ್ಲದರಲ್ಲೂ ಇರುತ್ತೆ, ಮೇಲೆ ನೇತಾಕಿರೋ ರೇಟ್ ಚೀಟಿ ಓದಬೇಕು. ರೇಟು 99 ಸೆಂಟಿಗೆ ಮುಗಿದ್ರೆ ಮಾಮೂಲಿ ರೇಟು. 97ಕ್ಕೆ ಮುಗಿದಿದ್ರೆ ಇಳಿಸಿದಾರೆ ಅಂತ. ಚೀಟಿಯ ಬಲಮೂಲೇಲಿ ಒಂದು ಸಣ್ಣ ನಕ್ಷತ್ರ ಇದ್ರೆ ಆ ಮಾಲು ಮತ್ತೆ ತರಿಸಲ್ಲ, ಇರೋದು ಖಾಲಿ ಆದ್ರೆ ಮುಗೀತು. 97ನೂ ನಕ್ಷತ್ರಾನೂ ಎರಡೂ ಒಟ್ಟಿಗೆ ಕಂಡ್ರೆ, ವೈನ್ ಕೂಡ ಮೊದಲೇ ಕುಡಿದು ಇಷ್ಟ ಆಗಿರೋದಾದ್ರೆ, ಯೋಚನೆ ಮಾಡ್ತಾ ನಿಲ್ಬೇಡಿ. "ಮುಂದಿನ ವಾರ ತಗೊಂಡ್ರಾಯ್ತು" ಅನ್ನೋ ಮಾತು ಈ ಅಂಗಡೀಲಿ ನಡೆಯಲ್ಲ, ಇಡೀ ಅಂಗಡೀಲಿ ಇರೋದೇ ಸುಮಾರು 4,000 ಐಟಮ್ಮು, ವೈನಂತೂ ಬರ್ತಾ ಹೋಗ್ತಾ ಇರುತ್ತೆ.

ಇನ್ನು ಆ ಪಾಯಿಂಟ್ಸ್ ವಿಷಯ. ಚೀಟೀಲಿ ದಪ್ಪಕ್ಕೆ 92, 94 ಅಂತ ಯಾವುದೋ ಮ್ಯಾಗಜೀನ್ ಕೊಟ್ಟ ಮಾರ್ಕ್ಸ್ ಇರುತ್ತೆ, ನಮ್ಮ ಜನ ಮಾರ್ಕ್ಸ್ ಕಂಡ್ರೆ ಬಿಡ್ತೀವಾ. ಆದ್ರೆ ಆ ಮಾರ್ಕ್ಸ್ ಯಾವ ವರ್ಷದ ದ್ರಾಕ್ಷಿ ಬೆಳೆಗೆ ಕೊಟ್ಟಿದ್ದು ಅಂತ ನೋಡಿ, ಬಾಟ್ಲಿ ಮೇಲಿನ ಇಸವೀನೂ ನೋಡಿ. ಯಾವ ಅಂಗಡಿ ಆದ್ರೂ ಅಷ್ಟೇ, ಹಳೇ ಸ್ಟಾಕ್ ಮುಗಿದು ಹೊಸ ವರ್ಷದ್ದು ಬಂದಿರುತ್ತೆ, ಚೀಟಿ ಮಾತ್ರ ಹಳೇದೇ ನೇತಾಡ್ತಿರುತ್ತೆ. ನನ್ನ ಪ್ರಕಾರ 90ರ ಮೇಲೆ ಎಷ್ಟಿದ್ರೂ ಒಂದೇ, ಊಟದ ಜೊತೆ ಕುಡಿಯೋರಿಗೆ ಆ ಎರಡು ಪಾಯಿಂಟ್ ವ್ಯತ್ಯಾಸ ನಾಲಿಗೆಗೆ ಗೊತ್ತಾಗಲ್ಲ.

ನನಗೆ ನಿಜವಾದ ಲಾಭ ಕಂಡಿರೋದು ಕರ್ಕ್‌ಲ್ಯಾಂಡ್ ಹೆಸರಲ್ಲೇ ಬರೋ ವೈನಲ್ಲಿ. ಕಾಸ್ಟ್‌ಕೋದವರು ದ್ರಾಕ್ಷಿ ಬೆಳೆಯಲ್ಲ, ಆಯಾ ಪ್ರದೇಶದ ವೈನರಿಗಳ ಹತ್ತಿರ ಮಾಡಿಸಿ ತಮ್ಮ ಹೆಸರು ಹಾಕ್ತಾರೆ. ನ್ಯೂಜಿಲೆಂಡಿನ ಮಾರ್ಲ್‌ಬರೋ ಸೋವಿನ್ಯೋ ಬ್ಲಾಂಕು ಅನ್ನೋ ಬಿಳಿ ವೈನು, ಇಟಲಿಯ ನೊರೆ ಬರೋ ವೈನು ಪ್ರೊಸೆಕ್ಕೊ, ಇವೆಲ್ಲ 10 ಡಾಲರೊಳಗೇ ಸಿಕ್ಕಿದಾವೆ, ಫ್ರಾನ್ಸಿನ ಶಾಂಪೇನು 20ರ ಆಸುಪಾಸು. ಯುರೋಪಲ್ಲಿ ಶಾಂಪೇನ್ ಅಂತ ಹಾಕ್ಬೇಕಂದ್ರೆ ಅದು ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲೇ ಆಗಿರಬೇಕು, ಅಲ್ಲಿ ಕಾನೂನು ಬಿಗಿ ಇದೆ, ಬೇರೆ ಅಂಗಡೀಲಿ ಹೆಸರುವಾಸಿ ಬಾಟ್ಲಿ ಮುಟ್ಟಿದ್ರೆ 45-50 ಡಾಲರು. ಇಂಥ ಕಡೆ ಉಳಿಯೋದು ನಿಜವಾದ ದುಡ್ಡು. ಅದೇ ಎಲ್ಲಾ ಕಡೆ ಸಿಗೋ 8 ಡಾಲರ್ ಬಾಟ್ಲಿಗೆ ಇಲ್ಲಿ ತನಕ ಗಾಡಿ ಓಡಿಸಿದ್ರೆ ಉಳಿಯೋದು ಚಿಲ್ಲರೆ, ಸೂಪರ್‌ಮಾರ್ಕೆಟಲ್ಲಿ ಆರು ಬಾಟ್ಲಿಗೆ 10 ಪರ್ಸೆಂಟ್ ಆಫರ್ ಇದ್ದಾಗ ಅಲ್ಲೇ ತಗೊಳ್ಳಿ.

ನಮ್ಮ ಊಟಕ್ಕೆ ಯಾವುದು ಅಂತ ಕೇಳಿದ್ರೆ ನಾನು ಕೊಲಂಬಿಯಾ ವ್ಯಾಲಿ ರೀಸ್ಲಿಂಗ್ ಅಂತೀನಿ, ನಮ್ಮ ರಾಜ್ಯದ್ದೇ ಬೆಳೆ, ಅಗ್ಗ, ಸ್ವಲ್ಪ ಸಿಹಿ. ಬಿಸಿಬೇಳೆಬಾತು, ಖಾರದ ಕೋಳಿ ಸಾರು ಜೊತೆ ಕ್ಯಾಬರ್ನೆ ಥರದ ಒಗರು ಕೆಂಪು ವೈನ್ ಕುಡಿದ್ರೆ ಖಾರ ಇನ್ನೂ ಉರಿಯುತ್ತೆ, ಒಗರೂ ಹೆಚ್ಚಾಗುತ್ತೆ. ಈ ಸಿಹಿ ಬಿಳಿ ವೈನು ಖಾರನ ತಣ್ಣಗೆ ಮಾಡುತ್ತೆ. ವೈನ್ ತಿಳಿದವರು ಮೂಗು ಮುರೀಬಹುದು, ಮುರೀಲಿ.

ಅಂದಹಾಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಥರದ ಕೆಲವು ರಾಜ್ಯಗಳಲ್ಲಿ ಮೆಂಬರ್ ಆಗದೇ ಇದ್ರೂ ಮದ್ಯ ಕೊಡ್ತಾರೆ, ಅಲ್ಲಿನ ಕಾನೂನೇ ಹಂಗೆ. ಮಕ್ಕಳನ್ನ ನೋಡಕ್ಕೆ ಬಂದಿರೋ ಅಪ್ಪಂದಿರು ಬಾಗಿಲಲ್ಲಿ ಅದನ್ನ ಹೇಳಿ ಒಳಗೆ ಹೋಗಬಹುದು.

ಊರಿಗೆ ತರೋದಾದ್ರೆ ತಲೆಗೆ 2 ಲೀಟರ್ ತನಕ ಡ್ಯೂಟಿ ಇಲ್ಲ, ಅಂದ್ರೆ 750 ಎಂಎಲ್‌ದು ಎರಡು ಬಾಟ್ಲಿ. ಊರಲ್ಲಿ ಆಮದು ವೈನಿಗೆ 150 ಪರ್ಸೆಂಟ್ ತನಕ ಸುಂಕ ಬೀಳುತ್ತೆ, ಹಾಗಾಗಿ ಇಲ್ಲಿಂದ ತಂದ್ರೆ ಅರ್ಥ ಇದೆ. ಆದ್ರೆ ಪ್ರೊಸೆಕ್ಕೊ ತರಬೇಡಿ, ಶಾಂಪೇನ್ ತನ್ನಿ, ರೇಟಿನ ವ್ಯತ್ಯಾಸ ಜಾಸ್ತಿ ಇರೋದು ಅಲ್ಲಿ. ಸಾಧಾರಣ ಕೆಂಪು ವೈನಂತೂ ಹೊತ್ಕೊಂಡು ಬರೋದೇ ದಂಡ, ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್‌ನವರು ಮಾಡ್ತಾರಲ್ಲ ಅದನ್ನೇ ತಗೊಳ್ಳಿ, ಚೆನ್ನಾಗಿರುತ್ತೆ. ಬಾಟ್ಲಿನ ಚೆಕ್‌ಇನ್ ಸೂಟ್‌ಕೇಸಲ್ಲಿ ಜೀನ್ಸ್ ಪ್ಯಾಂಟೊಳಗೆ ಸುತ್ತಿಡಿ, ಬಿಳಿ ಪಂಚೆ ದೂರ ಇರಲಿ. ನಮ್ಮನೇಲಿ ಹೋದ ಸಲ ಎರಡು ಬಾಟ್ಲಿಗೆ ಜಾಗಾನೇ ಸಿಗಲಿಲ್ಲ, ನಮ್ಮತ್ತೆ ಹೇಳಿ ಕಳಿಸಿದ್ದ 3 ಪೌಂಡಿನ ಬಾದಾಮಿ ಪ್ಯಾಕೆಟ್‌ಗಳೇ ಸೂಟ್‌ಕೇಸ್ ತುಂಬಾ.