33 ಗಜ, ಒಂದು ಪಾಯಿಂಟ್: ಒದೆತ ಕಲಿತ ಏಳು ತಿಂಗಳು

ಏಪ್ರಿಲ್ 19, 2025

ಹಿಮ ಪೂರ್ತಿ ಕರಗಿ ಹುಲ್ಲು ಕಾಣಿಸಿದ ಮೊದಲ ಶನಿವಾರ. ಬೆಳಿಗ್ಗೆ ಮಗನನ್ನು ಎಬ್ಬಿಸಿಕೊಂಡು ಮನೆ ಹತ್ತಿರದ ಹೈಸ್ಕೂಲ್ ಮೈದಾನಕ್ಕೆ ಹೋದೆ. ಕೈಯಲ್ಲಿ ಎರಡು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ನೆಟ್ಟಗೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್, ಲೆಕ್ಕ ಬರೆಯಲು ಒಂದು ನೋಟ್‌ಬುಕ್. ನಾನಿರುವ ಅಮೆರಿಕದ ಬಫಲೋದಲ್ಲಿ ಮತ್ತೆ ಹಿಮ ಬೀಳುವುದರೊಳಗೆ 33 ಗಜದಿಂದ ಇಪ್ಪತ್ತು ಸಲ ಒದ್ದರೆ ಹದಿನೈದು ಸಲ ಚೆಂಡು ಗೋಲ್ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹೋಗಬೇಕು. ಅದೇ ಗುರಿ.

33 ಗಜವೇ ಯಾಕೆಂದರೆ, ಈ ಆಟದ ವೃತ್ತಿ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಆದಮೇಲೆ ಸಿಗುವ ಎಕ್ಸ್‌ಟ್ರಾ ಪಾಯಿಂಟನ್ನು ಈಗ ಒದೆಯುವುದು ಆ ದೂರದಿಂದ. 2015ಕ್ಕೆ ಮುಂಚೆ ಅದು 20 ಗಜವಿತ್ತು. ನೂರಕ್ಕೆ ತೊಂಬತ್ತೊಂಬತ್ತು ಒಳಗೇ ಹೋಗುತ್ತಿದ್ದವು. ಲೀಗಿನವರು ಹದಿಮೂರು ಗಜ ಹಿಂದಕ್ಕೆ ತಳ್ಳಿದ ವರ್ಷವೇ ಅದು 94ರ ಆಸುಪಾಸಿಗೆ ಇಳಿಯಿತು. ಆಗಿನಿಂದ ಭಾನುವಾರ ಟಿವಿ ಮುಂದೆ ಕೂತಾಗಲೆಲ್ಲ ನಮ್ಮ ಮನೆಯಲ್ಲೂ ಒಂದು ಮಾತು ಕೇಳಿಸುತ್ತದೆ: "ಅಯ್ಯೋ, ಇದನ್ನೂ ಮಿಸ್ ಮಾಡಿದ್ನಾ?" ಹಾಗೆ ಹೇಳುವ ಹಕ್ಕು ನನಗೆ ಎಷ್ಟಿದೆ ಎಂದು ಸ್ವಂತ ಕಾಲಿನಿಂದ ತಿಳಿಯಬೇಕಿತ್ತು.

ಇವತ್ತು 20 ಗಜದಿಂದ ಶುರು. ಇಪ್ಪತ್ತಕ್ಕೆ ಆರು.

ಮೇ 10

ಹುಡುಗನಾಗಿದ್ದಾಗ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ದಿನವೂ ಫುಟ್‌ಬಾಲ್ ಆಡಿದವನು ನಾನು. ಕಾಲು ಬೀಸುವುದನ್ನು ಹೊಸದಾಗಿ ಕಲಿಯಬೇಕಿರಲಿಲ್ಲ. ಈ ಆಟದ ಕಿಕ್ಕರ್‌ಗಳು ಈಗ ಒದೆಯುವುದೂ ನಮ್ಮ ಫುಟ್‌ಬಾಲಿನ ಒದೆತವನ್ನೇ. ಅದು ಇಲ್ಲಿಗೆ ಬಂದದ್ದು ನಾನಿರುವ ಈ ಊರಿನ ತಂಡದ ಮೂಲಕ ಎಂದು ಗೊತ್ತಾದ ದಿನ ಬಹಳ ಸಂತೋಷವಾಯಿತು.

ಅರವತ್ತರ ದಶಕದ ತನಕ ಎಲ್ಲರೂ ಚೆಂಡಿನ ಎದುರಿಗೆ ನೇರ ಓಡಿ ಬಂದು ಬೂಟಿನ ತುದಿಯಿಂದ ಒದೆಯುತ್ತಿದ್ದರು. 1964ರಲ್ಲಿ ಬಫಲೋ ಬಿಲ್ಸ್ ಸೇರಿದ ಪೀಟ್ ಗೊಗೊಲಾಕ್ ಓರೆಯಾಗಿ ಓಡಿ ಬಂದು ಪಾದದ ಮೇಲ್ಭಾಗದಿಂದ ಒದ್ದರು. ಹಂಗೇರಿಯಲ್ಲಿ ಹುಟ್ಟಿ, 1956ರ ದಂಗೆಯ ನಂತರ ಮನೆಯವರೊಂದಿಗೆ ದೇಶ ಬಿಟ್ಟು ಬಂದವರು ಅವರು. 1966ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಸೆಳೆದುಕೊಂಡಿತು. ಆಗ ಎರಡು ಬೇರೆ ಲೀಗುಗಳಿದ್ದವು, ಒಂದರ ಆಟಗಾರರಿಗೆ ಇನ್ನೊಂದು ಕೈಹಾಕಬಾರದೆಂಬ ಒಳ ಒಪ್ಪಂದವಿತ್ತು. ಅದು ಈ ಕಿಕ್ಕರ್‌ನಿಂದ ಮುರಿದುಬಿತ್ತು, ಆಟಗಾರರಿಗಾಗಿ ಎರಡೂ ಕಡೆಯವರು ಹಣ ಸುರಿಯತೊಡಗಿದರು, ಆ ಜೂನ್‌ನಲ್ಲೇ ಲೀಗುಗಳು ಒಂದಾಗುವುದೆಂದು ಘೋಷಣೆಯಾಯಿತು. ನಾರ್ವೆಯಿಂದ ಸ್ಕೀ ಜಿಗಿತಕ್ಕೆಂದು ಮೊಂಟಾನಾಗೆ ಬಂದಿದ್ದ ಯಾನ್ ಸ್ಟೆನೆರುಡ್ ಕೂಡ ಓರೆ ಒದೆತದವರೇ. ಕಿಕ್ಕರ್ ಆಗಿಯಷ್ಟೇ ಆಡಿ ಹಾಲ್ ಆಫ್ ಫೇಮ್ ಸೇರಿದ ಮೊದಲಿಗರು, 1991ರಲ್ಲಿ.

ನನ್ನ ಹೆಜ್ಜೆ ಈಗ ಹೀಗಿದೆ: ಚೆಂಡಿನಿಂದ ಮೂರು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಎಡಕ್ಕೆ. ಎಡಗಾಲು ಚೆಂಡಿನ ಪಕ್ಕ ಊರಬೇಕು, ಬೆರಳು ಗುರಿಯತ್ತ. ಬಲಪಾದದ ಕೀಲು ಬಿಗಿಯಾಗಿರಬೇಕು. ಪಾದದ ಮೇಲಿನ ಗಟ್ಟಿ ಮೂಳೆ ಚೆಂಡಿನ ನಡುವಿಗಿಂತ ಸ್ವಲ್ಪ ಕೆಳಗೆ ತಾಗಿದರೆ ಚೆಂಡು ಪಲ್ಟಿ ಹೊಡೆಯುತ್ತ ನೇರ ಹೋಗುತ್ತದೆ. ದುಂಡು ಚೆಂಡಿನಲ್ಲಿ ಅರ್ಧ ಅಂಗುಲದ ತಪ್ಪನ್ನು ಚೆಂಡೇ ಸಹಿಸಿಕೊಳ್ಳುತ್ತದೆ. ಈ ಚೂಪು ತುದಿಯ ಚೆಂಡು ಸಹಿಸುವುದಿಲ್ಲ, ಬುಗುರಿಯಂತೆ ಅಡ್ಡ ತಿರುಗಿ ಎತ್ತಲೋ ಹೋಗುತ್ತದೆ. ಎಡಗಾಲು ಎರಡು ಅಂಗುಲ ಹಿಂದೆ ಊರಿದ ದಿನ ನನ್ನ ಎಲ್ಲ ಒದೆತವೂ ಎಡಕ್ಕೆ.

25 ಗಜದಿಂದ ಇಪ್ಪತ್ತಕ್ಕೆ ಹನ್ನೊಂದು.

ಜೂನ್ 14

33 ಗಜದಿಂದ ಇಪ್ಪತ್ತಕ್ಕೆ ಹದಿಮೂರು! ಇನ್ನೆರಡೇ ಬಾಕಿ ಎಂದು ಎದುರು ಮನೆಯ ಹಿರಿಯರಿಗೆ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಹೋಲ್ಡರ್, ಅಂದರೆ ಕಿಕ್ಕರ್‌ಗೆ ಚೆಂಡನ್ನು ನೆಲಕ್ಕೆ ಊರಿ ಹಿಡಿದುಕೊಡುವವರು, ಆಗಿದ್ದವರು. ನನ್ನ ಲೆಕ್ಕ ನೋಡಿ ಎರಡು ಪ್ರಶ್ನೆ ಕೇಳಿದರು: ಯಾವ ಕಂಬ? ಚೆಂಡು ಹಿಡಿದವರು ಯಾರು?

ಮೊದಲ ಪ್ರಶ್ನೆಗೆ ಟೇಪೇ ಉತ್ತರ ಕೊಟ್ಟಿತು. ಹೈಸ್ಕೂಲಿನ ಕಂಬಗಳ ನಡುವಿನ ಅಂತರ 23 ಅಡಿ 4 ಅಂಗುಲ. ಎನ್‌ಎಫ್‌ಎಲ್‌ನಲ್ಲಿ, ಕಾಲೇಜಿನಲ್ಲಿ 18 ಅಡಿ 6 ಅಂಗುಲ. ಅಡ್ಡಪಟ್ಟಿಯ ಎತ್ತರ ಎಲ್ಲ ಕಡೆಯೂ 10 ಅಡಿ. ಹೆಚ್ಚುಕಡಿಮೆ ಐದು ಅಡಿ ಅಗಲದ ದಾನವನ್ನು ನಾನು ಪಡೆಯುತ್ತಿದ್ದೆ.

ರಾತ್ರಿ ಕೂತು ಕೋನ ಲೆಕ್ಕ ಹಾಕಿದೆ. 33 ಗಜದಿಂದ ನಡುಗೆರೆಯ ಆಚೀಚೆ ನನಗಿದ್ದ ಅವಕಾಶ ಸುಮಾರು 6.7 ಡಿಗ್ರಿ. ವೃತ್ತಿ ಆಟಗಾರನಿಗೆ 5.3. 50 ಗಜಕ್ಕೆ ಹೋದರೆ 3.5. ತೋಳು ನೀಟಾಗಿ ಮುಂದೆ ಚಾಚಿ ಎರಡು ಬೆರಳು ಜೋಡಿಸಿ ಹಿಡಿದರೆ ಅಷ್ಟೇ ಕೋನ. ಅದಕ್ಕಿಂತ ಆಚೆ ಹೋದರೆ ತಪ್ಪು.

ಜುಲೈ 13

ಒಬ್ಬ ಪರಿಚಯದವರಿಂದ ಕಾಲೇಜಿನ ಮೈದಾನದಲ್ಲಿ ಭಾನುವಾರದ ಬೆಳಗ್ಗೆ ಆಡಲು ಅನುಮತಿ ಸಿಕ್ಕಿತು. ಕಿರಿದಾದ ಕಂಬ, ಅದೇ 33 ಗಜ, ಅದೇ ಸ್ಟ್ಯಾಂಡ್. ಇಪ್ಪತ್ತಕ್ಕೆ ಒಂಬತ್ತು.

ಇನ್ನೊಂದು ವಿಷಯವನ್ನೂ ಪರೀಕ್ಷಿಸಿದೆ. ಎದುರಾಳಿಗಳು ಏಳು ಗಜ ಮುಂದೆ ಸಾಲಾಗಿ ನಿಂತು ಕೈ ಎತ್ತಿ ಹಾರುತ್ತಾರೆ. ಅವರ ಬೆರಳು 10 ಅಡಿ ಮುಟ್ಟುತ್ತದೆಂದುಕೊಂಡರೆ ಚೆಂಡು 25 ಡಿಗ್ರಿಗಿಂತ ಮೇಲೇಳಬೇಕು. ಅವರು ಎರಡು ಗಜ ಒಳನುಗ್ಗಿದರೆ 34 ಡಿಗ್ರಿ. ಎರಡು ಏಣಿ ತಂದು ಐದು ಗಜ ದೂರದಲ್ಲಿ ನಿಲ್ಲಿಸಿ, 10 ಅಡಿ ಎತ್ತರಕ್ಕೆ ಹಗ್ಗ ಕಟ್ಟಿದೆವು. ಒಳಗೆ ಹೋದ ನನ್ನ ಒಂಬತ್ತರಲ್ಲಿ ನಾಲ್ಕು ಹಗ್ಗದ ಕೆಳಗಿನಿಂದ ಹೋಗಿದ್ದವು. ಅಂದರೆ ನಿಜವಾದ ಆಟದಲ್ಲಿ ಅವು ಯಾರದೋ ಕೈಗೆ ಬಡಿದು ಬೀಳುತ್ತಿದ್ದವು. ನೋಟ್‌ಬುಕ್‌ನಲ್ಲಿ ಒಂಬತ್ತನ್ನು ಹೊಡೆದು ಐದು ಎಂದು ಬರೆದೆ. ಎತ್ತರಕ್ಕಾಗಿ ಒದ್ದರೆ ದೂರ ಕಡಿಮೆ, ದೂರಕ್ಕಾಗಿ ಒದ್ದರೆ ಚೆಂಡು ತಗ್ಗು. ಇವೆರಡರ ನಡುವೆ ಸಿಗುವ ಕಿಂಡಿ ಎಷ್ಟು ಸಣ್ಣದೆಂದು ಇವತ್ತು ಕಾಲಿಗೆ ಅರ್ಥವಾಯಿತು.

ಆಗಸ್ಟ್ 10

ಮಳೆ. ಒದೆಯಲಿಲ್ಲ. ಕಿಕ್ಕರ್‌ನ ಬೆಲೆ ಎಷ್ಟು ಎಂಬ ಲೆಕ್ಕಕ್ಕೆ ಕೂತೆ.

ಒಬ್ಬ ಕಿಕ್ಕರ್ ಒಂದು ಋತುವಿನಲ್ಲಿ 30 ಫೀಲ್ಡ್ ಗೋಲ್ (ಟಚ್‌ಡೌನ್ ಇಲ್ಲದೆ ನೇರ ಕಂಬಗಳ ನಡುವೆ ಒದೆಯುವುದು) ಒದೆಯುತ್ತಾನೆಂದುಕೊಳ್ಳೋಣ, ಒಂದಕ್ಕೆ 3 ಪಾಯಿಂಟ್. ನೂರಕ್ಕೆ ತೊಂಬತ್ತು ಹಾಕುವವನಿಗೂ ಎಂಬತ್ತು ಹಾಕುವವನಿಗೂ ಇರುವ ವ್ಯತ್ಯಾಸ ಬರೀ ಮೂರು ಒದೆತ, 9 ಪಾಯಿಂಟ್. 17 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ಅರ್ಧ ಪಾಯಿಂಟ್. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಆ ಮೂರು ಒದೆತ ಹದಿನೇಳು ಪಂದ್ಯಕ್ಕೆ ಸಮನಾಗಿ ಹಂಚಿಕೊಂಡು ಬರುವುದಿಲ್ಲವಲ್ಲ. ಒಂದೊಂದೂ ಇಡಿಯಾಗಿ ಒಂದು ಪಂದ್ಯದ ಮೇಲೆ ಬಂದು ಬೀಳುತ್ತದೆ. ಮಿಸ್ ಆದರೆ ಹೋಗುವುದು ಮೂರು ಪಾಯಿಂಟ್ ಮಾತ್ರವೂ ಅಲ್ಲ. ಚೆಂಡನ್ನು ಒದ್ದ ಜಾಗದಿಂದಲೇ ಎದುರಾಳಿ ಆಟ ಶುರುಮಾಡುತ್ತಾನೆ. ಕಂಬಗಳಿರುವುದು ಗೋಲ್ ಗೆರೆಗಿಂತ 10 ಗಜ ಹಿಂದೆ, ಹಾಗಾಗಿ 50 ಗಜದ ಒದೆತ ತಪ್ಪಿದರೆ ಅವನಿಗೆ ತನ್ನ 40 ಗಜದ ಗೆರೆಯಲ್ಲೇ ಚೆಂಡು.

ಒಂದು ಪಾಯಿಂಟಿನ ಬೆಲೆ ನೋಡಬೇಕೆಂದರೆ 2024ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ನೋಡಬೇಕು. ಕೊನೆಯ ಕ್ವಾರ್ಟರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಚ್‌ಡೌನ್ ಮಾಡಿತು, ಜೇಕ್ ಮೂಡಿ ಒದ್ದ ಎಕ್ಸ್‌ಟ್ರಾ ಪಾಯಿಂಟ್‌ಗೆ ಎದುರಾಳಿಯ ಕೈ ತಾಗಿತು. 17-13 ಆಗಬೇಕಿದ್ದದ್ದು 16-13ರಲ್ಲಿ ನಿಂತಿತು. ಆಮೇಲೆ ಕ್ಯಾನ್ಸಾಸ್ ಸಿಟಿಗೆ ಸಮ ಮಾಡಲು ಒಂದು ಫೀಲ್ಡ್ ಗೋಲ್ ಸಾಕಾಯಿತು. ನಿಗದಿತ ಸಮಯ 19-19ರಲ್ಲಿ ಮುಗಿದು, ಹೆಚ್ಚುವರಿ ಸಮಯದಲ್ಲಿ ಕ್ಯಾನ್ಸಾಸ್ ಸಿಟಿ 25-22ರಿಂದ ಗೆದ್ದಿತು. ಅದೇ ರಾತ್ರಿ ಅದೇ ಮೂಡಿ 55 ಗಜದಿಂದ ಒದ್ದು ಸೂಪರ್ ಬೌಲ್ ದಾಖಲೆ ಮಾಡಿದ್ದರು, ಹ್ಯಾರಿಸನ್ ಬಟ್ಕರ್ 57 ಗಜದಿಂದ ಅದನ್ನು ಮುರಿದಿದ್ದರು. 55 ಗಜದಿಂದ ಹಾಕಿದವರಿಗೇ 33 ಗಜದ್ದು ಕೈಕೊಟ್ಟಿತು. ನನ್ನ ಹಗ್ಗ ನೆನಪಾಯಿತು.

ನಿನ್ನೆಯ ಸುದ್ದಿ: ಜ್ಯಾಕ್ಸನ್‌ವಿಲ್‌ನ ಕ್ಯಾಮ್ ಲಿಟ್ಲ್ ಪೂರ್ವಸಿದ್ಧತಾ ಪಂದ್ಯದಲ್ಲಿ 70 ಗಜದಿಂದ ಹಾಕಿದ್ದಾರೆ. ಅಂಥ ಪಂದ್ಯ ದಾಖಲೆಗೆ ಸೇರುವುದಿಲ್ಲ. ವಿಡಿಯೊವನ್ನು ಮಗ ಹತ್ತು ಸಲ ನೋಡಿದ.

ಸೆಪ್ಟೆಂಬರ್ 7, ರಾತ್ರಿ

ಬಿಲ್ಸ್ 41, ರೇವನ್ಸ್ 40. ನಿದ್ದೆ ಬರುವ ಹಾಗಿಲ್ಲ, ಬರೆಯುತ್ತಿದ್ದೇನೆ. ನಮ್ಮ ಕಿಕ್ಕರ್ ಗಾಯಗೊಂಡಿದ್ದರಿಂದ 41 ವರ್ಷದ ಮ್ಯಾಟ್ ಪ್ರೇಟರ್ ಇದೇ ವಾರ ತಂಡ ಸೇರಿದ್ದರು. ಕೊನೆಯ ಕ್ಷಣದಲ್ಲಿ 32 ಗಜ. ನನ್ನ ದೂರಕ್ಕಿಂತ ಒಂದೇ ಗಜ ಕಡಿಮೆ. ಸ್ನ್ಯಾಪ್ (ಚೆಂಡನ್ನು ಹೋಲ್ಡರ್‌ಗೆ ಹಿಂದಕ್ಕೆ ಎಸೆಯುವುದು) ಆಗುವ ಮುಂಚೆ ಅವರ ಎಡಗಾಲನ್ನೇ ನೋಡುತ್ತಿದ್ದೆ. ಪರಿಚಯವೇ ಸರಿಯಾಗಿ ಆಗದ ಸ್ನ್ಯಾಪರ್, ಪರಿಚಯವೇ ಸರಿಯಾಗಿ ಆಗದ ಹೋಲ್ಡರ್, ಮಧ್ಯಕ್ಕೆ ಹೋಯಿತು ಚೆಂಡು.

ಸೆಪ್ಟೆಂಬರ್ 20

ಹಿರಿಯರ ಎರಡನೇ ಪ್ರಶ್ನೆಗೆ ಕೊನೆಗೂ ಬಂದೆವು. ಸ್ಟ್ಯಾಂಡ್ ಬಿಟ್ಟೆವು. ಅವರು ಸ್ನ್ಯಾಪರ್, ಮಗ ಹೋಲ್ಡರ್, ನಾನು ಕಿಕ್ಕರ್.

ವೃತ್ತಿ ಆಟದಲ್ಲಿ ಸ್ನ್ಯಾಪರ್ ಕಾಲುಗಳ ನಡುವಿನಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆದು, ಹೋಲ್ಡರ್ ಅದನ್ನು ಹಿಡಿದು, ನೆಲಕ್ಕೆ ಊರಿ, ಹೊಲಿಗೆ ಗುರಿಯತ್ತ ಬರುವಂತೆ ತಿರುಗಿಸಿ, ಕಿಕ್ಕರ್ ಒದೆಯುವಷ್ಟರಲ್ಲಿ ಆಗಿರುವುದು 1.3 ಸೆಕೆಂಡ್. ಹೋಲ್ಡರ್ ಕೈಗೆ ಚೆಂಡು ಬರುವ ಹೊತ್ತಿಗೆ ಕಿಕ್ಕರ್ ಹೊರಟಾಗಿರುತ್ತದೆ. ಅಂದರೆ ಇನ್ನೂ ನೆಲ ಮುಟ್ಟದ ಚೆಂಡಿನತ್ತ, ಅದು ಅಲ್ಲಿರುತ್ತದೆಂಬ ನಂಬಿಕೆಯ ಮೇಲೆ ಓಡಬೇಕು. ನನಗೆ ಇದು ಸಾಧ್ಯವೇ ಆಗಲಿಲ್ಲ. ಕಾಲು ತಾನಾಗಿ ತಡೆಯುತ್ತಿತ್ತು, ಚೆಂಡು ಕಂಡ ಮೇಲೇ ಹೊರಡುತ್ತಿದ್ದೆ. ಫೋನಿನಲ್ಲಿ ಅಳೆದರೆ ನಮ್ಮದು 2.2 ಸೆಕೆಂಡ್. ಎದುರಾಳಿಗಳು ಅಷ್ಟರಲ್ಲಿ ಮೈಮೇಲೇ ಬಂದಿರುತ್ತಿದ್ದರು.

ಇಪ್ಪತ್ತಕ್ಕೆ ಐದು. ಮಗ ಮುಖ ಸಣ್ಣ ಮಾಡಿಕೊಂಡು "ನಾನು ಸರಿ ಹಿಡೀಲಿಲ್ಲ ಅಪ್ಪ" ಅಂದ. ಹದಿನೈದು ತಪ್ಪಿನಲ್ಲಿ ಅವನದು ಮೂರೋ ನಾಲ್ಕೋ. ಹಾಗಂತ ಅವನಿಗೆ ವಿಡಿಯೊ ತೋರಿಸಿ ಹೇಳಿದೆ.

ಅಕ್ಟೋಬರ್ 18

ಈರಿ ಸರೋವರದಿಂದ ಬೀಸುವ ಗಾಳಿ ಶುರುವಾಗಿದೆ. ಎಡದ ಕಂಬದ ಹೊರಗೆ ಗುರಿಯಿಟ್ಟರೆ ಚೆಂಡು ತೇಲಿ ಒಳಗೆ ಬರುತ್ತದೆ, ಆದರೆ ಒದೆಯುವ ಗಳಿಗೆಯಲ್ಲಿ ಗಾಳಿ ನಿಂತರೆ ಹೊರಗೇ ಹೋಗುತ್ತದೆ. ಚಳಿಗೆ ಚೆಂಡು ಕಲ್ಲಿನಂತಾಗಿದೆ.

ಆಟದ ಮಧ್ಯೆ ಹಿರಿಯರು ತಾವಾಗಿ 1991ರ ಮಾತು ತೆಗೆದರು. ಜನವರಿ 27, ಟ್ಯಾಂಪಾದಲ್ಲಿ ಸೂಪರ್ ಬೌಲ್, ಜೈಂಟ್ಸ್ 20, ಬಿಲ್ಸ್ 19, ಎಂಟು ಸೆಕೆಂಡ್ ಬಾಕಿ. ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದರು. ದೂರ ಸಾಕಿತ್ತು, ಚೆಂಡು ಬಲಕ್ಕೆ ಹೋಯಿತು. ಆ ದೂರಕ್ಕೆ ಇರುವ ಅವಕಾಶ 3.75 ಡಿಗ್ರಿ. ಈ ಊರಿನಲ್ಲಿ "ಬಲಕ್ಕೆ" ಎನ್ನುವ ಮಾತಿಗೆ ಇವತ್ತಿಗೂ ಬೇರೆ ಅರ್ಥವಿಲ್ಲ. 2024ರ ಜನವರಿಯಲ್ಲಿ ಟೈಲರ್ ಬಾಸ್ 44 ಗಜದಿಂದ ಒದ್ದದ್ದೂ ಬಲಕ್ಕೇ ಹೋಗಿ, ಕ್ಯಾನ್ಸಾಸ್ ಸಿಟಿಗೆ 27-24ರಿಂದ ಸೋತಾಗ ಊರೆಲ್ಲ ಅದೇ ಹಳೆಯ ನೋವು ಎದ್ದಿತು.

ಆದರೆ ಹಿರಿಯರು ಹೇಳಬಯಸಿದ್ದು ಮರುದಿನದ ಕಥೆ. ಸೋತು ಬಂದ ತಂಡವನ್ನು ಕಾಣಲು ನಯಾಗರಾ ಸ್ಕ್ವೇರ್‌ನಲ್ಲಿ ಸಾವಿರಾರು ಜನ ಚಳಿಯಲ್ಲಿ ನಿಂತಿದ್ದರು, ಇವರೂ ಇದ್ದರು. ಜನ ನಾರ್ವುಡ್ ಹೆಸರು ಹಿಡಿದು ಕೂಗತೊಡಗಿದರು. ಬೈಯಲಿಕ್ಕಲ್ಲ. ಸ್ಕಾಟ್ ಬೇಕು, ಸ್ಕಾಟ್ ಬೇಕು ಎಂದು. ಅವರು ಮುಂದೆ ಬಂದು, ಕಣ್ಣು ತುಂಬಿಕೊಂಡು, ಇಷ್ಟು ಪ್ರೀತಿ ಯಾವತ್ತೂ ಕಂಡಿರಲಿಲ್ಲ ಎಂಬ ಅರ್ಥದ ಮಾತಾಡಿದರು. ಇದನ್ನು ಹೇಳುವಾಗ ಹಿರಿಯರ ದನಿ ಸ್ವಲ್ಪ ತಡೆಯಿತು. ನಾವು ಮೂವರೂ ಸ್ವಲ್ಪ ಹೊತ್ತು ಒದೆಯಲಿಲ್ಲ.

ಇಪ್ಪತ್ತಕ್ಕೆ ಎಂಟು. 1.9 ಸೆಕೆಂಡ್.

ನವೆಂಬರ್ 2

ಕ್ಯಾಮ್ ಲಿಟ್ಲ್ ಇವತ್ತು ಲಾಸ್ ವೇಗಸ್‌ನಲ್ಲಿ 68 ಗಜದಿಂದ ಹಾಕಿದರು. ಈ ಸಲ ದಾಖಲೆಗೆ ಸೇರುವಂಥದ್ದು. 2021ರಲ್ಲಿ ಜಸ್ಟಿನ್ ಟಕರ್ ಅಡ್ಡಪಟ್ಟಿಗೆ ಬಡಿದು ಪುಟಿಸಿ ಹಾಕಿದ 66 ಗಜ ಹಿಂದಾಯಿತು. ಮುಚ್ಚಿದ ಕ್ರೀಡಾಂಗಣ, ಗಾಳಿಯಿಲ್ಲ. ಒದೆಯುವ ಚೆಂಡುಗಳನ್ನು ತಂಡಗಳು ಮೊದಲೇ ಹದಮಾಡಿಟ್ಟುಕೊಳ್ಳಲು ಈ ವರ್ಷದಿಂದ ಅವಕಾಶವಿದೆ, ಅದೂ ಒಂದು ಕಾರಣ ಎನ್ನುವವರಿದ್ದಾರೆ. ಇರಬಹುದು. ಆದರೂ 68 ಗಜಕ್ಕೆ ಆಚೀಚೆ ಉಳಿಯುವುದು 2.6 ಡಿಗ್ರಿ, ಅದನ್ನು ಯಾವ ಚೆಂಡೂ ಹಿಗ್ಗಿಸಿಕೊಡುವುದಿಲ್ಲ.

ಈ ದಾಖಲೆಗಳ ಸಾಲಿನಲ್ಲಿ ನನ್ನ ಮನಸ್ಸು ಹೋಗುವುದು ಟಾಮ್ ಡೆಂಪ್ಸಿ ಕಡೆಗೆ. ಹುಟ್ಟಿನಿಂದ ಬಲಪಾದದಲ್ಲಿ ಬೆರಳಿಲ್ಲ. ಅದೇ ಪಾದದಿಂದ, ಅದಕ್ಕೆಂದೇ ಮಾಡಿಸಿದ ಬೂಟು ಹಾಕಿ, 1970ರ ನವೆಂಬರ್ 8ರಂದು ನ್ಯೂ ಆರ್ಲಿಯನ್ಸ್ ಪರ 63 ಗಜದಿಂದ ಒದ್ದು ಡೆಟ್ರಾಯ್ಟನ್ನು 19-17ರಿಂದ ಸೋಲಿಸಿದರು. ಟಕರ್ ಗೆಲ್ಲಿಸಿದ್ದೂ ಡೆಟ್ರಾಯ್ಟ್ ವಿರುದ್ಧವೇ, ಅದೂ 19-17ರಿಂದಲೇ. ಡೆಂಪ್ಸಿಯ 63 ಗಜವನ್ನು ದಾಟಲು 43 ವರ್ಷ ಬೇಕಾಯಿತು. 2013ರಲ್ಲಿ ಡೆನ್ವರ್‌ನಲ್ಲಿ 64 ಗಜದಿಂದ ಹಾಕಿ ದಾಟಿದವರು ಮ್ಯಾಟ್ ಪ್ರೇಟರ್, ಸೆಪ್ಟೆಂಬರ್‌ನಲ್ಲಿ ನಮ್ಮ ತಂಡ ಸೇರಿದವರು.

ನವೆಂಬರ್ 8

ಡೆಂಪ್ಸಿಯ ದಿನವನ್ನೇ ಆರಿಸಿಕೊಂಡೆ. ಕಾಲೇಜಿನ ಕಂಬ, 33 ಗಜ, ಮುಂದೆ ಹಗ್ಗ. ಮೊದಲು ಸ್ಟ್ಯಾಂಡಿನಿಂದ: ಇಪ್ಪತ್ತಕ್ಕೆ ಹದಿನಾರು. ಏಪ್ರಿಲ್‌ನಲ್ಲಿ ಇಟ್ಟುಕೊಂಡ ಗುರಿ ಮುಟ್ಟಿತು. ಆಮೇಲೆ ಸ್ನ್ಯಾಪ್, ಹೋಲ್ಡ್ ಸಮೇತ: ಇಪ್ಪತ್ತಕ್ಕೆ ಹನ್ನೊಂದು, 1.7 ಸೆಕೆಂಡ್. ನಮ್ಮ ಮೇಲೆ ಯಾರೂ ನುಗ್ಗಿ ಬರುತ್ತಿರಲಿಲ್ಲ, ನೋಡಲು ಎಪ್ಪತ್ತು ಸಾವಿರ ಜನರಿರಲಿಲ್ಲ.

ಇಪ್ಪತ್ತನೆಯದು ಬರೆದಿಡಬೇಕು. ಸ್ನ್ಯಾಪ್ ಸ್ವಲ್ಪ ಎತ್ತರ ಬಂತು. ಮಗ ಎದ್ದು ಹಿಡಿದು, ಕೂತು, ಊರಿದ. ನಾನು ಆಗಲೇ ಎರಡು ಹೆಜ್ಜೆ ಹಾಕಿಯಾಗಿತ್ತು, ನಿಲ್ಲಲಿಲ್ಲ. ಕಾಲು ಬೀಸುವ ಹೊತ್ತಿಗೆ ಚೆಂಡು ಅಲ್ಲಿತ್ತು, ಹೊಲಿಗೆ ಗುರಿಯ ಕಡೆಗಿತ್ತು. ಹಗ್ಗದ ಮೇಲೆ ಒಂದಾಳು ಎತ್ತರ ಬಿಟ್ಟು, ಎರಡು ಕಂಬಗಳ ನಟ್ಟನಡುವೆ ಹೋಯಿತು.

ನೋಟ್‌ಬುಕ್‌ನಲ್ಲಿ ಇಷ್ಟು ದಿನ ಇದ್ದದ್ದು ಒಂದೇ ಸಾಲು. ಇವತ್ತು ಮಗ ಸ್ಕೇಲ್ ಇಟ್ಟು ಮೂರು ಗೆರೆ ಎಳೆದ: ಸ್ನ್ಯಾಪ್, ಹೋಲ್ಡ್, ಕಿಕ್. ಚಳಿಗಾಲದಲ್ಲಿ ಬೇಸ್‌ಮೆಂಟಿನಲ್ಲಿ ಮೊದಲೆರಡರ ಅಭ್ಯಾಸ, ದಿನಕ್ಕೆ ಐವತ್ತು. ಹಿರಿಯರು ಸಂಜೆ ಆರಕ್ಕೆ ಬರುತ್ತೇನೆಂದಿದ್ದಾರೆ.